ಹಳೆಯ ಕಾರನ್ನು ದಾನ ಕೊಡುವ ಮುನ್ನ

ಕೊಯ್ಲು ಮುಗಿದು, ಆಳುಗಳ ಬಟವಾಡೆಯಾಗಿ, ಸೊಸೈಟಿ ಸಾಲ ಚುಕ್ತಾ ಆದ ಮೇಲೂ ಕೈಯಲ್ಲಿ ನಾಲ್ಕು ಕಾಸು ಉಳಿದ ವರ್ಷ ನಮ್ಮ ಸದಸ್ಯರಲ್ಲಿ ಕೆಲವರು ಹೊಸ ಕಾರು ಕೊಳ್ಳುವುದುಂಟು. ಆಗ ಹಳೆಯದನ್ನು ಏನು ಮಾಡುವುದೆಂಬ ಪ್ರಶ್ನೆ ಏಳುತ್ತದೆ. ದಲ್ಲಾಳಿ ಹೇಳುವ ಬೆಲೆ ಕೇಳಿದರೆ ಹೊಟ್ಟೆ ಉರಿಯುತ್ತದೆ. ಮಕ್ಕಳನ್ನು ಶಾಲೆಗೆ ಮುಟ್ಟಿಸಿದ, ಸುರಿಯುವ ಮಳೆಯಲ್ಲಿ ಹೆರಿಗೆಗೆ ಕರೆದೊಯ್ದ ಗಾಡಿಯನ್ನು ಗುಜರಿಗೆ ಹಾಕಲು ಮನೆಯವರಿಗೂ ಮನಸ್ಸು ಬಾರದು. "ಯಾವುದಾದರೂ ಆಶ್ರಮಕ್ಕೆ ಕೊಟ್ಟುಬಿಡೋಣ, ಪುಣ್ಯವಾದರೂ ಬರಲಿ" ಎಂಬ ಮಾತು ಅಲ್ಲಿಗೆ ಹುಟ್ಟುತ್ತದೆ. ಈಚೆಗೆ ಮೂವರು ಸದಸ್ಯರು ಕಚೇರಿಗೆ ಬಂದು ಇದನ್ನೇ ವಿಚಾರಿಸಿದ್ದರಿಂದ ನಾಲ್ಕು ಮಾತು ಬರೆಯುವುದು ಉಚಿತವೆಂದು ತೋರಿತು. ಈ ವಿಷಯದಲ್ಲಿ ನಾವೇ ಒಮ್ಮೆ ಪೆಟ್ಟು ತಿಂದಿದ್ದೇವೆ ಎಂಬುದು ಅದಕ್ಕಿಂತ ಮುಖ್ಯವಾದ ಕಾರಣ.

ನಮ್ಮ ಮನೆಯಲ್ಲಿ ಒಂದು ಮಾರುತಿ ಓಮ್ನಿ ಇತ್ತು. ಹಿಂದಿನ ಸೀಟು ಮಡಚಿದರೆ ಮೈಲುತುತ್ತದ ಚೀಲ, ಗೊಬ್ಬರ, ಅಡಿಕೆ ಮೂಟೆ ಎಲ್ಲವೂ ಹಿಡಿಯುತ್ತಿದ್ದವು. 2014ರಲ್ಲಿ ಅದನ್ನು ಒಂದು ವೃದ್ಧಾಶ್ರಮಕ್ಕೆ ಕೊಟ್ಟೆವು. ಅರಿಶಿನ ಕುಂಕುಮ ಹಚ್ಚಿ, ಹಾರ ಹಾಕಿ, ಬೀಗದ ಕೈ ಒಪ್ಪಿಸಿ, ಫಾರಂಗಳಿಗೆ ಖಾಲಿ ಜಾಗದಲ್ಲಿ ಸಹಿ ಹಾಕಿ ಮನೆಗೆ ಬಂದೆವು. ಸತ್ತ ತಂದೆಯ ಷೇರನ್ನು ಮಗನ ಹೆಸರಿಗೆ ಮಾಡಲು ಒಂದು ಕಾಗದ ಕಡಿಮೆಯಿದ್ದರೂ ಸದಸ್ಯರನ್ನು ಹಿಂದಕ್ಕೆ ಕಳಿಸುವ ಕಾರ್ಯದರ್ಶಿ, ತನ್ನ ಕಾರಿನ ವಿಷಯದಲ್ಲಿ ಮಾಡಿದ ಕೆಲಸ ಇದು!

ಎರಡು ವರ್ಷದ ನಂತರ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಿಂದ ನಮ್ಮ ಹೆಸರಿಗೆ ನೋಟೀಸು ಬಂತು. ಆಶ್ರಮದ ಓಮ್ನಿ ತಿರುವಿನಲ್ಲಿ ಒಬ್ಬ ಕೊನೆಗಾರನ ಸೈಕಲ್ಲಿಗೆ ಬಡಿದಿತ್ತು. ಆತನ ಕಾಲು ಮುರಿದು, ಮತ್ತೆ ಅಡಿಕೆ ಮರ ಏರಲಾಗದ ಸ್ಥಿತಿ. ಗಾಡಿಯ ವಿಮೆ ಎರಡು ತಿಂಗಳ ಹಿಂದೆಯೇ ಮುಗಿದುಹೋಗಿತ್ತು. ಕಂತು ಕಟ್ಟಲು ಆಶ್ರಮದಲ್ಲಿ ಹಣವಿರಲಿಲ್ಲ. ಹೆಸರು ಬದಲಾಯಿಸುವ ಫಾರಂಗಳು ಅವರ ಬೀರುವಿನಲ್ಲಿ ಹಾಗೆಯೇ ಇದ್ದವು. ಆರ್.ಸಿ.ಯಲ್ಲಿ ಇದ್ದದ್ದು ನಮ್ಮ ಹೆಸರು.

ದಾನ ಕೊಟ್ಟಿದ್ದೇವೆ, ಫೋಟೋ ಇದೆ, ಸಾಕ್ಷಿಗಳಿದ್ದಾರೆ ಎಂದೆಲ್ಲ ವಾದಿಸಿದೆವು. ಕಾನೂನು ಕೇಳುವುದು ಬೇರೆ ಮಾತು. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ವಾಹನ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರೇ ಮಾಲೀಕರು. 2018ರಲ್ಲಿ ಸುಪ್ರೀಂ ಕೋರ್ಟು ಕೂಡ ಇದನ್ನೇ ಖಚಿತಪಡಿಸಿತು. ಗಾಡಿ ಎಷ್ಟೇ ಕೈ ಬದಲಾಯಿಸಿರಲಿ, ದಾಖಲೆಯಲ್ಲಿ ಹೆಸರು ಬದಲಾಗದಿದ್ದರೆ ಹೊಣೆ ದಾಖಲೆಯಲ್ಲಿದ್ದವನದೇ. ಪೆಟ್ಟು ತಿಂದವನು ಒಬ್ಬೊಬ್ಬ ಕೈಗೊಂಡವನನ್ನು ಹುಡುಕುತ್ತ ಅಲೆಯುವಂತಾಗಬಾರದು ಎಂಬುದು ಅದರ ತಾತ್ಪರ್ಯ.

ಎರಡು ಫಸಲಿನ ಕಾಳುಮೆಣಸಿನ ಹಣ ಆ ಪರಿಹಾರಕ್ಕೆ ಹೋಯಿತು. ಆಗ ಸಿಟ್ಟು ಬಂದದ್ದು ನಿಜ. ಆದರೆ ಆ ಕೊನೆಗಾರ ಊರುಗೋಲು ಹಿಡಿದು ಕೋರ್ಟಿನ ಮೆಟ್ಟಿಲು ಹತ್ತುವುದನ್ನು ಕಂಡ ಮೇಲೆ ಸಿಟ್ಟು ನಿಲ್ಲಲಿಲ್ಲ. ವಿಮೆಯಿಲ್ಲದ ಗಾಡಿ ರಸ್ತೆಗೆ ಇಳಿದದ್ದರಲ್ಲಿ ನಮ್ಮ ಅಲಕ್ಷ್ಯದ ಪಾಲೂ ಇತ್ತು.

ಆದ್ದರಿಂದ ಕಾರು ದಾನ ಕೊಡುವ ಸದಸ್ಯರು ಈ ಕೆಳಗಿನ ಸಂಗತಿಗಳನ್ನು ಗಮನದಲ್ಲಿಡಬೇಕು.

ಮೊದಲನೆಯದು, ಹೆಸರು ಬದಲಾವಣೆ. 29ನೇ ನಂಬರಿನ ಫಾರಂ ವಾಹನ ಹಸ್ತಾಂತರವಾಯಿತೆಂಬ ತಿಳಿವಳಿಕೆ; 30ನೆಯದು ಹೆಸರು ಬದಲಾಯಿಸುವ ಅರ್ಜಿ. ರಾಜ್ಯದೊಳಗಿನ ಹಸ್ತಾಂತರವಾದರೆ ಕೊಡುವವರು 14 ದಿನದೊಳಗೆ, ಪಡೆಯುವವರು 30 ದಿನದೊಳಗೆ ಆರ್.ಟಿ.ಒ. ಕಚೇರಿಗೆ ತಿಳಿಸಬೇಕು. ಖಾಲಿ ಫಾರಂಗೆ ಎಂದೂ ಸಹಿ ಹಾಕಬೇಡಿ. ಸಂಸ್ಥೆಯ ನೋಂದಣಿ ಪತ್ರದ ನಕಲು, ವಾಹನ ಸ್ವೀಕರಿಸಲು ಅವರ ಆಡಳಿತ ಮಂಡಳಿ ಮಾಡಿದ ಠರಾವು, ಬೀಗದ ಕೈ ಒಪ್ಪಿಸಿದ ದಿನಾಂಕ ಹಾಗೂ ವೇಳೆ ನಮೂದಿಸಿದ ರಸೀದಿ ಪಡೆದಿಡಿ. ಬ್ಯಾಂಕ್ ಸಾಲ ತೀರಿದ್ದರೂ ಆರ್.ಸಿ.ಯಲ್ಲಿ ಬ್ಯಾಂಕಿನ ಹೆಸರು ಉಳಿದಿರುವುದುಂಟು. ಅದನ್ನು 35ನೇ ಫಾರಂ ಮೂಲಕ ಮೊದಲು ತೆಗೆಸಬೇಕು. ಸಾಧ್ಯವಾದರೆ ನಾವೇ ಜೊತೆಗೆ ಹೋಗಿ, ಶುಲ್ಕ ಕಟ್ಟಿ, ಕೆಲಸ ಮುಗಿಸುವುದು ಲೇಸು. ಅದೂ ದಾನದ ಒಂದು ಭಾಗವೇ. ಹೆಸರು ಬದಲಾಗಿದೆಯೇ ಎಂದು ಈಗ ಸಾರಿಗೆ ಇಲಾಖೆಯ ಪರಿವಾಹನ್ ತಾಣದಲ್ಲಿ ಮನೆಯಿಂದಲೇ ನೋಡಬಹುದು.

ಎರಡನೆಯದು ನಮ್ಮ ಕುಟುಂಬಗಳಿಗೆ ವಿಶೇಷವಾಗಿ ಅನ್ವಯಿಸುವ ಮಾತು. ತಂದೆ ತೀರಿಕೊಂಡು ವರ್ಷಗಳಾದರೂ ಜೀಪು, ಕಾರು ಅವರ ಹೆಸರಿನಲ್ಲೇ ಓಡುತ್ತಿರುವ ಮನೆಗಳು ಬಹಳ. ತನ್ನ ಹೆಸರಿಗೆ ಬಾರದ ಗಾಡಿಯನ್ನು ದಾನ ಕೊಡಲು ಬಾರದು. ಮೊದಲು 31ನೇ ಫಾರಂನಲ್ಲಿ ವಾರಸುದಾರರ ಹೆಸರಿಗೆ ಮಾಡಿಸಬೇಕು. ಇದನ್ನು ಮರಣವಾದ ಮೂರು ತಿಂಗಳೊಳಗೆ ಮಾಡಬೇಕೆಂಬುದು ನಿಯಮ. ಅಣ್ಣತಮ್ಮಂದಿರ, ಅಕ್ಕತಂಗಿಯರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಇಲ್ಲವಾದರೆ ಪುಣ್ಯಕ್ಕೆ ಕೊಟ್ಟ ಕಾರು ಮನೆಯ ಪಂಚಾಯಿತಿಗೆ ಕಾರಣವಾದೀತು.

ಮೂರನೆಯದು ವಿಮೆ. ಹಸ್ತಾಂತರವಾದ 14 ದಿನದೊಳಗೆ ವಿಮೆಯನ್ನೂ ತಮ್ಮ ಹೆಸರಿಗೆ ಬದಲಾಯಿಸಿಕೊಡುವಂತೆ ಪಡೆದವರು ಕಂಪನಿಗೆ ಅರ್ಜಿ ಹಾಕಬೇಕು. ಕ್ಲೇಮು ಮಾಡದೆ ಗಳಿಸಿದ ಬೋನಸ್ಸು ಗಾಡಿಯದಲ್ಲ, ನಿಮ್ಮದು. ಅದಕ್ಕೆ ಪತ್ರ ಪಡೆದು ಹೊಸ ಕಾರಿಗೆ ಬಳಸಿಕೊಳ್ಳಿ. ಟೋಲಿನ ಫಾಸ್ಟ್ಯಾಗ್ ರದ್ದು ಮಾಡಿಸಲು ಮರೆಯಬೇಡಿ. ಇಲ್ಲವಾದರೆ ಆಶ್ರಮದ ಪ್ರಯಾಣದ ಟೋಲು ನಿಮ್ಮ ಖಾತೆಯಿಂದ ಹೋಗುತ್ತಿರುತ್ತದೆ.

ನಾಲ್ಕನೆಯದು ತೆರಿಗೆ. ಅಮೆರಿಕದಲ್ಲಿ ನೆಲೆಸಿದ ಮಕ್ಕಳು, ಅಲ್ಲಿ ಕಾರು ದಾನ ಕೊಟ್ಟರೆ ತೆರಿಗೆ ಉಳಿಯುತ್ತದೆ ಎನ್ನುವುದನ್ನು ಕೆಲವು ಸದಸ್ಯರು ಕೇಳಿದ್ದಾರೆ. ನಿಜವೇ. ಆದರೆ ಅಲ್ಲಿನ ಎಷ್ಟೋ ಸಂಸ್ಥೆಗಳು ಆ ಕಾರನ್ನು ಓಡಿಸುವುದಿಲ್ಲ, ಹರಾಜಿನಲ್ಲಿ ಮಾರಿ ಹಣವನ್ನು ಬಳಸುತ್ತವೆ. ದಾನಿಗಳು ಲಟಾರಿ ಗಾಡಿಗೂ ದೊಡ್ಡ ಬೆಲೆ ತೋರಿಸತೊಡಗಿದ್ದರಿಂದ 2004ರಲ್ಲಿ ಕಾನೂನು ಬಿಗಿಯಾಯಿತು. 2005ರಿಂದ, 500 ಡಾಲರಿಗೆ ಮೇಲ್ಪಟ್ಟ ರಿಯಾಯಿತಿಯಾದರೆ, ಸಂಸ್ಥೆ ಮಾರಿ ಪಡೆದ ಹಣದಷ್ಟೇ ಸಾಮಾನ್ಯವಾಗಿ ಲೆಕ್ಕಕ್ಕೆ ಬರುತ್ತದೆ. ನಮ್ಮಲ್ಲಾದರೋ ವಸ್ತುರೂಪದ ದಾನಕ್ಕೆ ಆದಾಯ ತೆರಿಗೆಯಲ್ಲಿ ರಿಯಾಯಿತಿಯೇ ಇಲ್ಲ. ಮಾನ್ಯತೆ ಪಡೆದ ಸಂಸ್ಥೆಗೆ ಹಣವಾಗಿ, 2,000 ರೂಪಾಯಿ ಮೀರಿದರೆ ನಗದಲ್ಲದೆ ಚೆಕ್ಕು ಅಥವಾ ಬ್ಯಾಂಕಿನ ಮೂಲಕ ಕೊಟ್ಟರೆ ಮಾತ್ರ ಅದು ದೊರೆಯುತ್ತದೆ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಅದೂ ಇಲ್ಲ. ಕಾಫಿಯನ್ನು ಕ್ಯೂರಿಂಗ್ ಮಾಡಿಸದೆ ಚೆರ್ರಿ, ಪಾರ್ಚ್‌ಮೆಂಟ್ ರೂಪದಲ್ಲೇ ಮಾರುವ ಸಣ್ಣ ಬೆಳೆಗಾರರ ಆದಾಯ ಕೃಷಿ ಆದಾಯವೇ ಆಗಿರುವುದರಿಂದ ನಮ್ಮಲ್ಲಿ ಬಹುಮಂದಿಗೆ ಈ ಲೆಕ್ಕದ ಅಗತ್ಯವೇ ಬೀಳದು.

ಐದನೆಯದು ಎಲ್ಲಕ್ಕಿಂತ ದೊಡ್ಡದು. ಆ ಸಂಸ್ಥೆಗೆ ಕಾರು ಬೇಕೇ? ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಪರೀಕ್ಷೆ ಮಾಡಿಸಿ, ಐದೈದು ವರ್ಷಕ್ಕೆ ನವೀಕರಿಸಬೇಕು. ಹಿಂದೆ 600 ರೂಪಾಯಿ ಇದ್ದ ಆ ಶುಲ್ಕ 2022ರ ಏಪ್ರಿಲಿನಿಂದ 5,000ಕ್ಕೆ ಏರಿತು. ಟಯರು, ಬ್ಯಾಟರಿ, ಡ್ರೈವರನ ಸಂಬಳ ಬೇರೆ. ಬಿಳಿ ಬೋರ್ಡಿನ ಕಾರಿನ ಮೇಲೆ ಕೆಂಪು ಅಕ್ಷರ ಬರೆಸಿದ ಮಾತ್ರಕ್ಕೆ ಅದು ಆಂಬ್ಯುಲೆನ್ಸ್ ಆಗುವುದಿಲ್ಲ.

ದಾನ ಕೊಟ್ಟ ಎಮ್ಮೆಯ ಹಲ್ಲು ನೋಡಬಾರದೆಂದು ಪಡೆಯುವವನಿಗೆ ಹೇಳುತ್ತಾರೆ. ಕೊಡುವವನು ಮಾತ್ರ ಮೊದಲೇ ಹಲ್ಲು ಎಣಿಸಿರಬೇಕು. ಕಠೋಪನಿಷತ್ತಿನಲ್ಲಿ ನಚಿಕೇತನ ತಂದೆ ಯಜ್ಞದಲ್ಲಿ ದಾನಕ್ಕೆ ನಿಲ್ಲಿಸಿದ್ದು ಹಾಲು ಬತ್ತಿದ, ಇನ್ನು ಹುಲ್ಲು ನೀರು ಮುಟ್ಟಲಾರದ ಹಸುಗಳನ್ನು. ಅದನ್ನು ಕಂಡೇ ಆ ಹುಡುಗನ ಮನಸ್ಸು ಕಲಕಿದ್ದು. ನಮಗೆ ಭಾರವಾದದ್ದನ್ನು ಇನ್ನೊಬ್ಬರ ಅಂಗಳದಲ್ಲಿ ನಿಲ್ಲಿಸಿ ಬರುವುದಕ್ಕೆ ದಾನವೆಂಬ ಹೆಸರು ಒಪ್ಪದು.

ಕೆಲವು ವರ್ಷದ ಕೆಳಗೆ ನಮ್ಮ ಇನ್ನೊಂದು ಕಾರನ್ನು ಬಿಡುವ ಹೊತ್ತು ಬಂದಾಗ ಅದೇ ಆಶ್ರಮಕ್ಕೆ ಮತ್ತೆ ಹೋದೆವು. ಈ ಸಲ ಹಾರ ಒಯ್ಯಲಿಲ್ಲ. "ನಿಮಗೆ ಏನು ಬೇಕು?" ಎಂದು ಕೇಳಿದೆವು. ಮೇಲ್ವಿಚಾರಕರು ಸಂಕೋಚದಿಂದಲೇ ಹೇಳಿದರು: "ಕಾರು ಬೇಡ ಸ್ವಾಮಿ. ಇಬ್ಬರು ಅಜ್ಜಂದಿರಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಹೋಗಬೇಕು. ಆಟೋದ ಬಾಡಿಗೆ ಆದರೆ ಸಾಕು." ಕಾರನ್ನು ಮಾರಿ, ನಮ್ಮ ಹೆಸರು ಕಳಚಿದ್ದನ್ನು ಖಾತ್ರಿ ಮಾಡಿಕೊಂಡು, ಬಂದ ಹಣವನ್ನು ಚೆಕ್ಕಿನಲ್ಲಿ ಕೊಟ್ಟೆವು. ಆ ಹಣದಲ್ಲಿ ಆಟೋ ಬಹಳ ದಿನ ಓಡಿತು.

ಆದಕಾರಣ ಸದಸ್ಯ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ಕೊಡುವ ಮನಸ್ಸನ್ನು ಖಂಡಿತ ಬಿಡಬೇಡಿ. ಕೊಡುವ ಮೊದಲು ಒಮ್ಮೆ ಕೇಳಿ, ಕೊಟ್ಟ ಮೇಲೆ ಕಾಗದ ಮುಗಿಸಿ. ಫಾರಂ ತುಂಬಲು ತೊಡಕಾದಲ್ಲಿ ಆರ್.ಸಿ. ಹಾಗೂ ವಿಮೆಯ ಕಾಗದ ಹಿಡಿದು ಸಂಘದ ಕಚೇರಿಗೆ ಬನ್ನಿ. ಖಾಲಿ ಜಾಗದಲ್ಲಿ ಸಹಿ ಹಾಕಲು ಮಾತ್ರ ನಾವು ಬಿಡುವುದಿಲ್ಲ.