ಮುಟ್ಟು, ಮೈಲಿಗೆ ಮತ್ತು ಸಾರ್ವಜನಿಕ ಹೊಣೆ: ಶಾಲಾ ಬಾಲಕಿಯರಿಗೆ ಉಚಿತ ನ್ಯಾಪ್‌ಕಿನ್ ನೀಡಿಕೆಯ ಜಾನಪದೀಯ ನೆಲೆ

ಕನ್ನಡದ ‘ಮುಟ್ಟು’ ಎಂಬ ಪದದಲ್ಲಿಯೇ ಒಂದು ವೈರುಧ್ಯವಿದೆ. ಸ್ಪರ್ಶವನ್ನು ಸೂಚಿಸುವ ಪದವೇ ಸ್ಪರ್ಶ ನಿಷಿದ್ಧವಾದ ದಿನಗಳಿಗೆ ಹೆಸರಾಗಿ ನಿಂತಿದೆ. ಹೊರಗಾಗು, ದೂರ ಕೂಡು ಮೊದಲಾದ ಆಡುನುಡಿಗಳು ದೇಹದ ಸಹಜ ಕ್ರಿಯೆಯನ್ನು ಹೇಳುವುದಿಲ್ಲ; ಆ ದಿನಗಳಲ್ಲಿ ಹೆಣ್ಣು ಎಲ್ಲಿರಬೇಕು ಎಂಬುದನ್ನು ಹೇಳುತ್ತವೆ. ಶಾಲಾ ಬಾಲಕಿಯರಿಗೆ ಸರ್ಕಾರದ ವೆಚ್ಚದಲ್ಲಿ ನ್ಯಾಪ್‌ಕಿನ್ ನೀಡುವ ಕ್ರಮವನ್ನು ಸಾಮಾನ್ಯವಾಗಿ ಆರೋಗ್ಯದ ದೃಷ್ಟಿಯಿಂದ ವಿವೇಚಿಸಲಾಗುತ್ತದೆ. ಆದರೆ ಹೆಣ್ಣುಮಗಳ ಸ್ಥಾನವನ್ನು ನಿರ್ಧರಿಸುವ ಈ ನುಡಿಗಟ್ಟಿನೊಂದಿಗೆ ಇಟ್ಟು ನೋಡಿದಾಗ ಮಾತ್ರ ಅದರ ಪೂರ್ಣ ಅರ್ಥ ಗೋಚರಿಸುತ್ತದೆ.

ಜನಪದರ ಆಚರಣೆಯಲ್ಲಿ ಮುಟ್ಟು ಕೇವಲ ಮೈಲಿಗೆಯಾಗಿರಲಿಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಹೆಣ್ಣುಮಗಳು ಮೈನೆರೆದಾಗ ಸೋದರಮಾವ ಹಸಿರು ಸೊಪ್ಪಿನ ಗುಡಿಸಲು ಹಾಕುವುದು, ನೆಂಟರಿಷ್ಟರು ಕೊಬ್ಬರಿ, ಬೆಲ್ಲ, ಎಳ್ಳಿನ ಚಿಗಳಿ ತಂದು ತಿನ್ನಿಸುವುದು, ಹೊಸ ಸೀರೆ ಉಡಿಸಿ ಆರತಿ ಬೆಳಗಿ ಸೋಬಾನೆ ಹಾಡುವುದು ಅನೇಕ ಸಮುದಾಯಗಳಲ್ಲಿ ರೂಢಿಯಲ್ಲಿದೆ. ತುಳುನಾಡಿನ ಕೆಡ್ಡಸದಲ್ಲಿ ಭೂಮಿಯೇ ಮುಟ್ಟಾಗುತ್ತಾಳೆ ಎಂಬ ನಂಬಿಕೆಯಿಂದ ಮೂರು ದಿನ ನೆಲವನ್ನು ಅಗೆಯುವುದಿಲ್ಲ, ಉಳುವುದಿಲ್ಲ. ಕೊನೆಯ ದಿನ ಎಣ್ಣೆ ಎರೆದು ಪೂಜಿಸುತ್ತಾರೆ. ಇಲ್ಲಿ ಮುಟ್ಟು ಫಲವಂತಿಕೆಯ ಸಂಕೇತ, ವಿಶ್ರಾಂತಿಯ ಹಕ್ಕೂ ಹೌದು.

ಆದರೆ ಈ ಸಂಭ್ರಮಕ್ಕೆ ಒಂದು ಮಿತಿಯಿದೆ. ಮೊದಲ ಮುಟ್ಟಿಗೆ ಊರೇ ಸೇರುತ್ತದೆ. ಎರಡನೆಯ ತಿಂಗಳಿನಿಂದ ಅದು ಹೆಣ್ಣಿನ ಒಂಟಿ ಹೊಣೆಯಾಗುತ್ತದೆ. ಆರತಿಯ ದಿನ ಎಲ್ಲರ ಮುಂದೆ ಹೊಸ ಸೀರೆ ಪಡೆದವಳೇ ಮುಂದೆ ಹಳೆಯ ಬಟ್ಟೆಯ ತುಂಡುಗಳನ್ನು ಒಗೆದು, ಗಂಡಸರ ಕಣ್ಣಿಗೆ ಬೀಳದಂತೆ, ಬಿಸಿಲು ಸೋಕದ ಮೂಲೆಯಲ್ಲಿ ಒಣಗಿಸಬೇಕಾಗುತ್ತದೆ. ಬಟ್ಟೆಯ ಬಳಕೆಯೇ ದೋಷವಲ್ಲ. ಅದನ್ನು ಬಿಸಿಲಿಗೆ ಹಾಕಲು ಬಿಡದ ನಾಚಿಕೆಯಲ್ಲಿ ತೊಂದರೆಯ ಮೂಲವಿದೆ. ಶಾಲೆಗೆ ಹೋಗುವ ಬಾಲಕಿಗೆ ಈ ಗುಟ್ಟು ಇನ್ನಷ್ಟು ಭಾರ. ಅಲ್ಲಿ ದೂರ ಕೂಡಲು ಸ್ಥಳವಿಲ್ಲ. ಆದ್ದರಿಂದ ಶಾಲೆಯಿಂದಲೇ ದೂರ ಉಳಿಯುವ ಸಂದರ್ಭ ಒದಗುತ್ತದೆ.

ಪರಂಪರೆಯೊಳಗೇ ಈ ಮೈಲಿಗೆಯನ್ನು ಪ್ರಶ್ನಿಸಿದವರಿದ್ದಾರೆ. ಹನ್ನೆರಡನೆಯ ಶತಮಾನದ ಶರಣರ ಪರಂಪರೆ ನಿರಾಕರಿಸಿದ ಪಂಚಸೂತಕಗಳಲ್ಲಿ ರಜಸ್ಸೂತಕವೂ ಒಂದು. ಆದರೆ ತಾತ್ವಿಕ ನಿರಾಕರಣೆಯು ತಿಂಗಳ ಖರ್ಚನ್ನು ಭರಿಸಲಾರದು. ಆ ಖರ್ಚಿನ ಪ್ರಶ್ನೆ ಸಾರ್ವಜನಿಕ ಬೊಕ್ಕಸದ ಮುಂದೆ ಬಂದದ್ದು ತೀರ ಈಚೆಗೆ.

ಕೇಂದ್ರ ಸರ್ಕಾರವು 2011ರಲ್ಲಿ 17 ರಾಜ್ಯಗಳ 107 ಜಿಲ್ಲೆಗಳಲ್ಲಿ ಗ್ರಾಮೀಣ ಬಾಲಕಿಯರಿಗಾಗಿ ಆರಂಭಿಸಿದ ಯೋಜನೆಯಲ್ಲಿ ಆರು ನ್ಯಾಪ್‌ಕಿನ್‌ಗಳ ಕಟ್ಟಿಗೆ 6 ರೂಪಾಯಿ ಬೆಲೆಯಿತ್ತು. ಆಶಾ ಕಾರ್ಯಕರ್ತೆಯರು ಅದನ್ನು ಮಾರುತ್ತಿದ್ದರು. ಕರ್ನಾಟಕದ ‘ಶುಚಿ’ ಯೋಜನೆಯು 2013–14ರಲ್ಲಿ 10ರಿಂದ 19 ವರ್ಷದ ಬಾಲಕಿಯರಿಗೆ ಉಚಿತ ವಿತರಣೆಯನ್ನು ಕೈಗೆತ್ತಿಕೊಂಡಿತು. 2018ರ ಜುಲೈನಲ್ಲಿ ನ್ಯಾಪ್‌ಕಿನ್ ಮೇಲಿನ ಶೇ. 12ರ ಸರಕು ಮತ್ತು ಸೇವಾ ತೆರಿಗೆ ರದ್ದಾಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಮುಟ್ಟಿನ ಸಂದರ್ಭದಲ್ಲಿ ಸುರಕ್ಷಿತ ಸಾಧನ ಬಳಸುವ 15ರಿಂದ 24 ವರ್ಷದ ಸ್ತ್ರೀಯರ ಪ್ರಮಾಣ 2015–16ರಲ್ಲಿ ಶೇ. 57.6 ಇದ್ದದ್ದು 2019–21ರಲ್ಲಿ ಶೇ. 77.3ಕ್ಕೆ ಏರಿತು.

ಯೋಜನೆಗಳ ಹೆಸರುಗಳು ಜಾನಪದ ವಿದ್ಯಾರ್ಥಿಗೆ ಕುತೂಹಲಕರ. ‘ಶುಚಿ’ ಎಂಬ ಹೆಸರು ಮುಟ್ಟು ಎಂಬ ಪದವನ್ನು ಉಚ್ಚರಿಸುವುದಿಲ್ಲ. ಶುಚಿ ಎಂದೊಡನೆ ಅಶುಚಿಯೊಂದು ಇದೆಯೆಂಬ ಹಳೆಯ ಗ್ರಹಿಕೆ ತಾನಾಗಿ ಒಳಬರುತ್ತದೆ. ಮುಂದೆ ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ವಿತರಿಸಿದ ಕಪ್ಪಿಗೆ ‘ಮೈತ್ರಿ ಮುಟ್ಟಿನ ಕಪ್’ ಎಂಬ ಹೆಸರು ಬಂತು. ಅಡುಗೆಮನೆಯ ಹಿಂದೆ ಪಿಸುಗುಟ್ಟುತ್ತಿದ್ದ ಪದ ಸರ್ಕಾರಿ ಕಡತಕ್ಕೆ ಏರಿದುದು ಸಣ್ಣ ಸಂಗತಿಯಲ್ಲ.

ಸಾರ್ವಜನಿಕ ಹಣ ಎರಡು ದಿಕ್ಕಿನಲ್ಲಿಯೂ ಹರಿಯಬಲ್ಲದು. ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದ ಸ್ತ್ರೀಯರು ಹೊರಗೆ ಉಳಿಯುವ ಕಟ್ಟಳೆಯಿದೆ. ಅವರಿಗೆ ಮಳೆ ಚಳಿಗಳಿಂದ ರಕ್ಷಣೆ ಒದಗಿಸಲು ಸರ್ಕಾರ ಕೃಷ್ಣ ಕುಟೀರಗಳನ್ನು ನಿರ್ಮಿಸಿತು. ಆಶಯ ಮಾನವೀಯವಾದರೂ ಕುಟೀರವು ಹೊರಗಿನ ಜಾಗಕ್ಕೆ ಸೂರು ಹೊದಿಸಿತೇ ವಿನಾ ಹೊರಗಿರುವುದನ್ನು ತಪ್ಪಿಸಲಿಲ್ಲ. ಶಾಲೆಯಲ್ಲಿ ದೊರೆಯುವ ನ್ಯಾಪ್‌ಕಿನ್ ಇದಕ್ಕೆ ವಿರುದ್ಧ ದಿಕ್ಕಿನದು: ಅದು ಬಾಲಕಿಯನ್ನು ಆ ದಿನವೂ ಸಹಪಾಠಿಗಳ ನಡುವೆಯೇ ಕೂಡಿಸುತ್ತದೆ. ನೀರಿರುವ ಶೌಚಾಲಯ, ವಿಲೇವಾರಿಯ ವ್ಯವಸ್ಥೆ, ಅಂಜದೆ ಕೇಳಬಹುದಾದ ಶಿಕ್ಷಕಿ ಇವಿಲ್ಲದಿದ್ದರೆ ಆ ಉದ್ದೇಶ ಅರ್ಧಕ್ಕೇ ನಿಲ್ಲುತ್ತದೆ.

ಇಂಥ ನೀಡಿಕೆಗೆ ನಿರಂತರತೆಯೇ ಜೀವಾಳ. ಶುಚಿ ಯೋಜನೆಯ ವಿತರಣೆ ಕೋವಿಡ್ ಕಾಲದಿಂದ ಸ್ಥಗಿತಗೊಂಡು, 2024ರಲ್ಲಿ ಸುಮಾರು 19 ಲಕ್ಷ ಬಾಲಕಿಯರನ್ನು ಉದ್ದೇಶಿಸಿ ಮರಳಿ ಆರಂಭವಾಯಿತು. ಈ ನಡುವೆ ಹತ್ತರಿಂದ ಹದಿನಾಲ್ಕಕ್ಕೆ ಕಾಲಿಟ್ಟ ಬಾಲಕಿಯ ಪಾಲಿಗೆ ಯೋಜನೆ ಇರಲೇ ಇಲ್ಲ. ಟೆಂಡರು, ಅನುದಾನಗಳು ತಡವಾಗಬಹುದು; ಮುಟ್ಟು ತಡೆದು ನಿಲ್ಲುವುದಿಲ್ಲ. ಸ್ಕಾಟ್ಲೆಂಡಿನ ಸಂಸತ್ತು 2020ರ ನವೆಂಬರಿನಲ್ಲಿ ಅಂಗೀಕರಿಸಿದ ಕಾಯಿದೆಯು ಉಚಿತ ನೀಡಿಕೆಯನ್ನು ಕಾನೂನಿನ ಕರ್ತವ್ಯವನ್ನಾಗಿಸಿತು. ಭಾರತದ ಸರ್ವೋಚ್ಚ ನ್ಯಾಯಾಲಯವೂ 2026ರ ಜನವರಿ 30ರ ತೀರ್ಪಿನಲ್ಲಿ ಮುಟ್ಟಿನ ಆರೋಗ್ಯವನ್ನು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಅಂಗವೆಂದು ಪರಿಗಣಿಸಿ, ಶಾಲೆಗಳಲ್ಲಿ ಉಚಿತ ನ್ಯಾಪ್‌ಕಿನ್ ಒದಗಿಸಲು ನಿರ್ದೇಶಿಸಿತು. ಕೊಡುಗೆಯಾಗಿದ್ದುದು ಹೀಗೆ ಹಕ್ಕಿನ ನೆಲೆಗೆ ಬಂದಿದೆ.

ಮೊದಲ ಮುಟ್ಟಿಗೆ ಗುಡಿಸಲು ಹಾಕಿ, ಚಿಗಳಿ ತಿನ್ನಿಸಿ, ಹೊಸ ಬಟ್ಟೆ ಕೊಟ್ಟ ಸಮುದಾಯಕ್ಕೆ ಈ ಹೊಣೆ ಹೊಸದೇನಲ್ಲ. ವರ್ಷದ ಹನ್ನೆರಡು ತಿಂಗಳೂ ಅದನ್ನು ನಿರ್ವಹಿಸುವುದಷ್ಟೇ ಹೊಸತು. ಒಸಗೆಯ ದಿನ ತೋರಿದ ಅಕ್ಕರೆ ಶಾಲೆಯ ಸಾಮಾನ್ಯ ದಿನಕ್ಕೂ ವಿಸ್ತರಿಸಿದಾಗ ‘ಹೊರಗಾದಳು’ ಎಂಬ ನುಡಿ ತನ್ನ ಅರ್ಥವನ್ನು ಕಳೆದುಕೊಳ್ಳುತ್ತದೆ.