ಗಡ್ಡೆ ಹೋಗಲಿ, ಗರ್ಭಕೋಶ ಉಳಿಯಲಿ

‘ಗರ್ಭಕೋಶದಲ್ಲಿ ಗಡ್ಡೆ ಇದೆ’ ಎಂದು ಸ್ಕ್ಯಾನಿಂಗ್ ವರದಿ ಬಂದ ದಿನ ಮನೆಮಂದಿಗೆ ಊಟ ಸೇರುವುದಿಲ್ಲ. ಗಡ್ಡೆ ಎಂದರೆ ಕ್ಯಾನ್ಸರೇ ಇರಬೇಕೆಂಬ ಭಯ ಒಂದು ಕಡೆ. ‘ಮಕ್ಕಳಾದ ಮೇಲೆ ಆ ಚೀಲ ಇನ್ಯಾಕೆ, ತೆಗೆಸಿಬಿಡಿ’ ಎನ್ನುವ ನೆಂಟರಿಷ್ಟರ ಸಲಹೆ ಇನ್ನೊಂದು ಕಡೆ. ಗಡ್ಡೆ ಕಾಣಿಸಿಕೊಂಡದ್ದು ಮದುವೆಯಾಗದ ಮಗಳಲ್ಲಾದರಂತೂ ತಾಯಿ ಆ ಮಾತನ್ನು ಒಡಹುಟ್ಟಿದವರ ಮುಂದೂ ಎತ್ತುವುದಿಲ್ಲ.

ಇಷ್ಟು ಹೆದರಿಸುವ ಈ ಗಡ್ಡೆಯಾದರೂ ಏನು? ಗರ್ಭಕೋಶದ ಗೋಡೆ ದಪ್ಪನೆಯ ಸ್ನಾಯುವಿನಿಂದಾದದ್ದು. ಆ ಸ್ನಾಯುವಿನ ಒಂದು ಜೀವಕೋಶ ಮಿತಿಯಿಲ್ಲದೆ ವಿಭಜನೆಗೊಂಡು ಗಂಟು ಕಟ್ಟಿದರೆ ಅದೇ ‘ಫೈಬ್ರಾಯ್ಡ್’ ಅಥವಾ ನಾರುಗಡ್ಡೆ. ಕಡಲೆಕಾಳಿನಷ್ಟೂ ಇರಬಹುದು, ತೆಂಗಿನಕಾಯಿಯಷ್ಟೂ ಬೆಳೆಯಬಹುದು. ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಹಾರ್ಮೋನುಗಳೇ ಇದಕ್ಕೆ ಗೊಬ್ಬರ. ಆದ್ದರಿಂದ ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ತಾನೇ ಕುಗ್ಗುತ್ತದೆ. ಕ್ಯಾನ್ಸರ್ ಆಗಿರುವುದು ಅತಿ ವಿರಳ.

ಗಾತ್ರಕ್ಕಿಂತ ಮುಖ್ಯವಾದುದು ಗಡ್ಡೆ ಕುಳಿತ ಜಾಗ. ಹೊರಮೈಗೆ ಅಂಟಿಕೊಂಡ ನಿಂಬೆಹಣ್ಣಿನ ಗಾತ್ರದ ಗಡ್ಡೆ ವರ್ಷಗಟ್ಟಲೆ ಸದ್ದಿಲ್ಲದೆ ಇದ್ದುಬಿಡಬಹುದು. ಒಳಪದರಕ್ಕೆ ಒತ್ತಿಕೊಂಡ ನೆಲ್ಲಿಕಾಯಿಯಷ್ಟರದು ತಿಂಗಳು ತಿಂಗಳೂ ರಕ್ತ ಹರಿಸಿ ಹೆಂಗಸನ್ನು ಹೈರಾಣಾಗಿಸಬಹುದು. ತೊಂದರೆ ಕೊಡದ ಗಡ್ಡೆಗೆ ಚಿಕಿತ್ಸೆಯೇ ಬೇಡ, ಆಗಾಗ ಪರೀಕ್ಷಿಸಿಕೊಂಡರೆ ಸಾಕು. ಆದರೆ ಮನೆಯ ಮಕ್ಕಳು ಒಂದು ವಿಷಯ ಗಮನಿಸಬೇಕು. ‘ಅಮ್ಮನಿಗೆ ಯಾವಾಗಲೂ ಸುಸ್ತು’ ಎಂದು ಸುಮ್ಮನಾಗುತ್ತೀರಲ್ಲ, ಮೆಟ್ಟಿಲು ಹತ್ತಿದರೆ ಅವರಿಗೆ ಏದುಸಿರು ಬರುತ್ತಿದ್ದರೆ, ಮುಖ ಬಿಳಿಚಿಕೊಂಡಿದ್ದರೆ, ಆ ಸುಸ್ತಿನ ಹಿಂದೆ ಯಾರಿಗೂ ಹೇಳದ ಅತಿಯಾದ ಮುಟ್ಟಿನ ಸ್ರಾವ ಇರಬಹುದು. ಹಿಮೋಗ್ಲೋಬಿನ್ ಪರೀಕ್ಷೆಗೆ ಕರೆದೊಯ್ಯಲು ಕಾಲೇಜು ಓದುವ ಮಗನೇ ಸಾಕು, ಮಗಳೇ ಆಗಬೇಕೆಂದಿಲ್ಲ.

ಗಡ್ಡೆಯನ್ನು ಮಾತ್ರ ತೆಗೆದು ಗರ್ಭಕೋಶವನ್ನು ಉಳಿಸಬಹುದೆಂಬುದು ಇಂದಿನ ವಿಚಾರವಲ್ಲ. ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿದ್ದ ವಿಕ್ಟರ್ ಬಾನಿ ಎಂಬ ಸ್ತ್ರೀರೋಗ ತಜ್ಞರು ಕಳೆದ ಶತಮಾನದ ಮೊದಲರ್ಧದಲ್ಲಿ ಇದಕ್ಕಾಗಿ ಹಟ ತೊಟ್ಟು ದುಡಿದರು. ಹಟಕ್ಕೆ ಕಾರಣ ಮನೆಯಲ್ಲೇ ಇತ್ತು. ಮದುವೆಯಾದ ಹೊಸದರಲ್ಲೇ ಅವರ ಪತ್ನಿಯ ಗರ್ಭಕೋಶವನ್ನು ಫೈಬ್ರಾಯ್ಡ್‌ಗಾಗಿ ತೆಗೆಯಬೇಕಾಗಿ ಬಂದು, ದಂಪತಿಗೆ ಮಕ್ಕಳಾಗಲೇ ಇಲ್ಲ. ಇದೇ ಬಾನಿ ಒಮ್ಮೆ ಒಬ್ಬ ಹೆಂಗಸಿನ ಗರ್ಭಕೋಶದಿಂದ 225 ಗಡ್ಡೆಗಳನ್ನು ಬಿಡಿಸಿ ತೆಗೆದು, ಕೋಶವನ್ನು ಉಳಿಸಿಕೊಟ್ಟರು! ಆದರೆ ಆಗ ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯದೆ ಬೇರೆ ದಾರಿಯಿರಲಿಲ್ಲ.

ಬೇರೆ ದಾರಿ ತೋರಿಸಿದವರಲ್ಲಿ ಜರ್ಮನಿಯ ಕೀಲ್ ನಗರದ ಕುರ್ಟ್ ಸೆಮ್ ಪ್ರಮುಖರು. ಕೊಳವೆಯಿಂದ ಹೊಟ್ಟೆಯೊಳಗೆ ಇಣುಕುವುದು 1910ರ ಹೊತ್ತಿಗೇ ಗೊತ್ತಿತ್ತು. ಇಣುಕಿದ್ದನ್ನು ಅಲ್ಲೇ ಕತ್ತರಿಸಿ, ಹೊಲಿದು, ಹೊರತೆಗೆಯಲು ಬೇಕಾದ ಉಪಕರಣಗಳಲ್ಲಿ ಹಲವನ್ನು ರೂಪಿಸಿದವರು ಸೆಮ್. 1980ರಲ್ಲಿ ಅವರು ರಂಧ್ರಗಳ ಮೂಲಕವೇ ಅಪೆಂಡಿಕ್ಸ್ ತೆಗೆದಾಗ ದೇಶದ ಶಸ್ತ್ರವೈದ್ಯರು ಕೆಂಡವಾದರು. ಇಂದು ಅದು ನಿತ್ಯದ ಕೆಲಸ.

ಈಗ ಇದು ನಡೆಯುವ ಬಗೆ ನೋಡೋಣ. ರೋಗಿಗೆ ಪೂರ್ಣ ಅರಿವಳಿಕೆ ಕೊಡುತ್ತಾರೆ. ಹೊಕ್ಕುಳ ಬಳಿ ಸುಮಾರು ಒಂದು ಸೆಂಟಿಮೀಟರಿನ ರಂಧ್ರದಿಂದ ಕಾರ್ಬನ್ ಡೈಆಕ್ಸೈಡ್ ತುಂಬಿ ಹೊಟ್ಟೆಯನ್ನು ಉಬ್ಬಿಸುತ್ತಾರೆ. ಈ ಅನಿಲವೇ ಏಕೆ? ವಿಜ್ಞಾನ ಓದುವವರು ಊಹಿಸಬಹುದು: ಒಳಗೆ ವಿದ್ಯುತ್ತಿನಿಂದ ಸುಡುವ ಉಪಕರಣಗಳಿರುತ್ತವೆ, ಇದು ಹೊತ್ತಿಕೊಳ್ಳುವುದಿಲ್ಲ, ರಕ್ತದಲ್ಲಿ ಬೇಗ ಕರಗಿ ಉಸಿರಿನೊಡನೆ ಹೊರಬೀಳುತ್ತದೆ. (ಶಸ್ತ್ರಚಿಕಿತ್ಸೆ ಮಾಡಿದ್ದು ಹೊಟ್ಟೆಗೆ, ನೋವು ಭುಜಕ್ಕೆ ಎಂದು ಮರುದಿನ ಕೆಲವರು ಗಾಬರಿಯಾಗುತ್ತಾರೆ. ಉಳಿದ ಅನಿಲ ವಪೆಯನ್ನು ಕೆಣಕುವುದರಿಂದ ಹಾಗಾಗುತ್ತದೆ, ಒಂದೆರಡು ದಿನಗಳಲ್ಲಿ ಹೋಗುತ್ತದೆ.) ಹೊಕ್ಕುಳಿನಿಂದ ಕ್ಯಾಮೆರಾ, ಇನ್ನೆರಡು ಮೂರು ಸಣ್ಣ ರಂಧ್ರಗಳಿಂದ ಉಪಕರಣಗಳು ಒಳಹೋಗುತ್ತವೆ. ವೈದ್ಯರ ಕಣ್ಣು ಟೀವಿ ಪರದೆಯ ಮೇಲೆ.

ರಕ್ತನಾಳ ಸಂಕುಚಿತವಾಗುವ ಔಷಧಿ ಚುಚ್ಚಿ, ಗರ್ಭಕೋಶದ ಗೋಡೆಯನ್ನು ಸೀಳಿದರೆ ಗಡ್ಡೆ ಬೆಳ್ಳಗೆ ಕಾಣುತ್ತದೆ. ಅದಕ್ಕೆ ಸುತ್ತ ತೆಳು ಪೊರೆಯಿರುವುದರಿಂದ ಹಲಸಿನ ತೊಳೆಯಿಂದ ಬೀಜ ಬಿಡಿಸಿದಂತೆ ಬಿಡಿಸಬಹುದು. ಕಷ್ಟದ ಕೆಲಸ ಶುರುವಾಗುವುದು ಆಮೇಲೆ. ಖಾಲಿಯಾದ ಗುಂಡಿಯನ್ನು ಪದರ ಪದರವಾಗಿ ಹೊಲಿಯಬೇಕು, ಅದೂ ಉದ್ದನೆಯ ಕಡ್ಡಿಗಳ ತುದಿಯಿಂದ. ಮುಂದೆ ಮಗು ಬೆಳೆಯಬೇಕಾದ ಗೋಡೆ ಅದು. ಯಂತ್ರ ಎಷ್ಟು ಹೊಸದು ಎಂದು ಕೇಳುವುದಕ್ಕಿಂತ ‘ಇಂಥ ಹೊಲಿಗೆ ಎಷ್ಟು ಹಾಕಿದ್ದೀರಿ, ಡಾಕ್ಟ್ರೇ?’ ಎಂದು ವಿನಯದಿಂದ ಕೇಳುವುದು ಜಾಣತನ.

ಸಣ್ಣ ರಂಧ್ರದಿಂದ ದೊಡ್ಡ ಗಡ್ಡೆ ಹೊರಬರಲು ಅದನ್ನು ಚೂರು ಮಾಡಬೇಕು. ಇಲ್ಲೊಂದು ಅಪಾಯವಿದೆ. ಫೈಬ್ರಾಯ್ಡ್ ಎಂದುಕೊಂಡದ್ದು ಅಪರೂಪಕ್ಕೆ ಕ್ಯಾನ್ಸರ್ ಆಗಿದ್ದರೆ ಚೂರುಗಳ ಜೊತೆ ಅದೂ ಹೊಟ್ಟೆಯೊಳಗೆ ಹರಡೀತು. ಅಮೆರಿಕದಲ್ಲಿ ಸ್ವತಃ ವೈದ್ಯೆಯಾಗಿದ್ದ ಒಬ್ಬರಿಗೆ 2013ರಲ್ಲಿ ಹೀಗಾದ ಮೇಲೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲಿ ಎಚ್ಚರಿಕೆ ಹೊರಡಿಸಿತು. ಚೂರು ಮಾಡುವುದಿದ್ದರೆ ಗಡ್ಡೆಯನ್ನು ಚೀಲದೊಳಗೆ ಹಾಕಿಯೇ ಮಾಡಬೇಕೆಂದು 2020ರಲ್ಲಿ ಹೇಳಿತು. ‘ಚೀಲ ಬಳಸುತ್ತೀರಾ?’ ಎಂಬ ಪ್ರಶ್ನೆಯನ್ನೂ ಆದ್ದರಿಂದ ಮರೆಯಬಾರದು.

ಲಾಭವೇನೋ ಸ್ಪಷ್ಟ: ಕಡಿಮೆ ನೋವು, ಒಂದೆರಡು ದಿನದಲ್ಲಿ ಮನೆ, ಕೆಲವೇ ವಾರಗಳಲ್ಲಿ ಕೆಲಸ. ಆದರೆ ಎಲ್ಲರಿಗೂ ಒಗ್ಗುವುದಿಲ್ಲ. ಗಡ್ಡೆಗಳು ತೀರಾ ದೊಡ್ಡವಾಗಿದ್ದರೆ, ಹತ್ತಾರಿದ್ದರೆ ಹೊಟ್ಟೆ ಕೊಯ್ದು ಮಾಡುವುದೇ ಕ್ಷೇಮ. ಒಳಪದರದ ಸಣ್ಣ ಗಡ್ಡೆಯನ್ನು ಯೋನಿಮಾರ್ಗದಿಂದಲೇ ಕೊಳವೆ ತೂರಿಸಿ ತೆಗೆಯಬಹುದು, ಹೊಟ್ಟೆಯ ಮೇಲೆ ಗಾಯವೇ ಇಲ್ಲ. ಗರ್ಭಕೋಶ ಉಳಿದಿರುವುದರಿಂದ ಹೊಸ ಗಡ್ಡೆ ಹುಟ್ಟುವ ಸಾಧ್ಯತೆಯೂ ಉಳಿಯುತ್ತದೆ. ಮಕ್ಕಳು ಬೇಡವೆಂದು ನಿಶ್ಚಯಿಸಿದ, ತೊಂದರೆ ಮಿತಿಮೀರಿದ ಹೆಂಗಸು ಎಲ್ಲ ತಿಳಿದು ಗರ್ಭಕೋಶ ತೆಗೆಸಿಕೊಳ್ಳುವುದು ತಪ್ಪೇನಲ್ಲ.

ತಿಳಿಸದೆ ತೆಗೆಯುವುದೇ ತಪ್ಪು. ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳ ಎಳೆವಯಸ್ಸಿನ ಹೆಂಗಸರು ಸಣ್ಣಪುಟ್ಟ ನೋವಿಗೂ ಗರ್ಭಕೋಶ ಕಳೆದುಕೊಂಡ ಸುದ್ದಿ 2015ರಲ್ಲಿ ರಾಜ್ಯವನ್ನೇ ಕಲಕಿತ್ತು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಜಾರಿಗೊಳಿಸುವಂತೆ ಸುಪ್ರೀಂ ಕೋರ್ಟು 2023ರಲ್ಲಿ ಎಲ್ಲ ರಾಜ್ಯಗಳಿಗೂ ಸೂಚಿಸಿತು. ‘ಇವತ್ತೇ ಅಡ್ಮಿಟ್ ಆಗಿ’ ಎಂದು ಆತುರಪಡಿಸುವವರಿದ್ದರೆ ವರದಿ ಹಿಡಿದು ಇನ್ನೊಬ್ಬ ವೈದ್ಯರನ್ನು ಕಾಣಿರಿ. ಎಡೆಬಿಡದೆ ರಕ್ತ ಹೋಗುತ್ತಿಲ್ಲವಾದರೆ ಫೈಬ್ರಾಯ್ಡ್‌ಗೆ ಒಂದೆರಡು ವಾರ ಕಾಯಲು ಸಮಯವಿರುತ್ತದೆ.

ಮಗಳಿಗೆ ಈ ಶಸ್ತ್ರಚಿಕಿತ್ಸೆ ಆದರೆ ಆಸ್ಪತ್ರೆಯ ಬಿಲ್ಲಿನೊಂದಿಗೆ ಆಪರೇಷನ್ ವಿವರದ ಪ್ರತಿಯನ್ನೂ ಕೇಳಿ ಪಡೆದು, ಅಂಕಪಟ್ಟಿಗಳ ಜೊತೆ ಜೋಪಾನವಾಗಿಡಿ. ಹೊಲಿದ ಗೋಡೆ ಗಟ್ಟಿಯಾಗಲು ಕೆಲವು ತಿಂಗಳು ಬೇಕು, ಅಲ್ಲಿಯವರೆಗೆ ಬಸಿರಾಗಬಾರದು. ಮುಂದೆ ಬಸಿರಾದಾಗ, ಹೆರಿಗೆ ಸಹಜವಾಗಿ ಆಗಬಹುದೇ ಅಥವಾ ಸಿಸೇರಿಯನ್ ಬೇಕೇ ಎಂದು ನಿರ್ಧರಿಸುವ ವೈದ್ಯರಿಗೆ ಗೋಡೆಯ ಎಷ್ಟು ಆಳದವರೆಗೆ ಕೊಯ್ದಿದ್ದರು ಎಂಬುದು ಗೊತ್ತಿರಬೇಕು. ಅದು ಬರೆದಿರುವುದು ಆ ಹಾಳೆಯಲ್ಲಿ ಮಾತ್ರ.