ಹೇಳ್ದ್ರು, ಕಡ್ದ್ರು, ತೊಳ್ದ್ರು

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಸೀಮೆಯ ಮಾತಿಗೆ ವ್ಯಾಕರಣವೇ ಇಲ್ಲ ಎಂದು ನಗುವವರು ಅಲ್ಲಿನ ಭೂತಕಾಲವನ್ನೊಮ್ಮೆ ಗಮನಿಸಬೇಕು. ಶಾಲೆಯ ಪಾಠದಂತೆ ಭೂತಕಾಲದ ಪ್ರತ್ಯಯ ‘ದ’. ಆದರೆ ಅದು ಧಾತುವಿಗೆ ಸೇರುವ ಬಗೆ ಎರಡು. ‘ಹೇಳು’, ‘ಮಾಡು’ ಮುಂತಾದವುಗಳ ಉಕಾರ ಇಕಾರವಾಗಿ ‘ಹೇಳಿದರು’, ‘ಮಾಡಿದರು’ ಆಗುತ್ತದೆ; ‘ಕಡಿ’, ‘ತೊಳೆ’ ಮಾತ್ರ ಇದ್ದ ಸ್ವರವನ್ನೇ ಇಟ್ಟುಕೊಂಡು ‘ಕಡಿದರು’, ‘ತೊಳೆದರು’ ಆಗುತ್ತವೆ. ಮಂಡ್ಯದ ಬಾಯಲ್ಲಿ ಈ ನಡುವಿನ ಸ್ವರ ಉದುರಿಹೋಗುತ್ತದೆ, ಇಲ್ಲವೇ ‘ಮಾಡುದ್ರು’, ‘ಕಡುದ್ರು’ ಎಂಬಂತೆ ಎಲ್ಲಕ್ಕೂ ಒಂದೇ ಉಕಾರವಾಗುತ್ತದೆ. ಅಂಗೇಳ್ದ್ರು, ಕಬ್ಬು ಕಡ್ದ್ರು, ಕೊಪ್ಪರಿಗೆ ತೊಳ್ದ್ರು: ಬರಹದ ಎರಡು ಗುಂಪು ಇಲ್ಲಿ ಒಂದೇ. ಸ್ಪ್ಯಾನಿಷ್‌ನಲ್ಲೂ ಹೀಗೇ ಆಗಿದೆ. ‘ಕೊಮೆರ್’ ಎಂದರೆ ತಿನ್ನು, ‘ಎಸ್ಕ್ರಿಬಿರ್’ ಎಂದರೆ ಬರೆ. ವರ್ತಮಾನದಲ್ಲಿ ‘ನಾವು’ ಎನ್ನುವಾಗ ‘ಕೊಮೆಮೊಸ್’, ‘ಎಸ್ಕ್ರಿಬಿಮೊಸ್’ ಎಂದು ಬೇರೆಯಾಗುವ ಇವು ಭೂತಕಾಲಕ್ಕೆ ಬಂದರೆ ‘ಕೊಮಿಮೊಸ್’, ‘ಎಸ್ಕ್ರಿಬಿಮೊಸ್’ ಎಂದು ಒಂದೇ ಪ್ರತ್ಯಯ ಹಿಡಿಯುತ್ತವೆ. ಅದನ್ನು ಯಾರೂ ಅಶುದ್ಧವೆನ್ನುವುದಿಲ್ಲ. ನಿಯಮವೆಂದು ಬಾಯಿಪಾಠ ಮಾಡಿಸುತ್ತಾರೆ.

ಮಂಡ್ಯದ್ದು ನಿಯಮವಲ್ಲ, ನಾಲಿಗೆಯ ಸೋಮಾರಿತನ ಎನ್ನಬಹುದು. ಸೋಮಾರಿತನವಾಗಿದ್ದರೆ ಎಲ್ಲವೂ ಕಲಸಿಹೋಗಬೇಕಿತ್ತು. ಪೈರು ‘ನೆಟ್ರು’ ಎನ್ನುವ ಬದಲು ‘ನೆಡ್ದ್ರು’, ‘ಮರ್ತ್ರು’ ಎನ್ನುವ ಬದಲು ‘ಮರ್ದ್ರು’ ಎಂದು ಯಾರೂ ಅನ್ನುವುದಿಲ್ಲ. ‘ನೆಟ್ಟರು’, ‘ಮರೆತರು’, ‘ಹೊತ್ತರು’ ಎಂಬ ಹಟಮಾರಿ ರೂಪಗಳು ಪುಸ್ತಕದಲ್ಲಿರುವಂತೆಯೇ ಬಾಯಲ್ಲೂ ತಮ್ಮ ವ್ಯಂಜನ ಬಿಟ್ಟುಕೊಟ್ಟಿಲ್ಲ. ಎಲ್ಲಿ ಸಡಿಲಿಸಬೇಕು, ಎಲ್ಲಿ ಬಿಗಿಹಿಡಿಯಬೇಕು ಎಂಬುದು ಓದು ಬಾರದ ಅಜ್ಜಿಗೂ ಗೊತ್ತು. ಇನ್ನು ಅರ್ಥಗೊಂದಲದ ಮಾತು. ‘ಕರೆದರು’, ‘ಕರಿದರು’ ಎರಡೂ ‘ಕರ್ದ್ರು’ ಆಗುವುದು ನಿಜವೇ. ಆದರೆ ನೆಂಟರನ್ನು ಕರ್ದ್ರು ಎಂದರೆ ಎಣ್ಣೆಗೆ ಹಾಕಿದರೆಂದು ಯಾರು ತಿಳಿದಾರು? ಸ್ಪ್ಯಾನಿಷ್‌ನ ‘ಹಬ್ಲಾರ್’, ಅಂದರೆ ಮಾತಾಡು, ‘ಅಬ್ಲಾರ್’ ಎಂದೇ ಉಚ್ಚಾರ. ಅದರ ‘ಅಬ್ಲಾಮೊಸ್’ ‘ಮಾತಾಡುತ್ತೇವೆ’ಯೂ ಹೌದು, ‘ಮಾತಾಡಿದೆವು’ ಕೂಡ ಹೌದು; ‘ನಿನ್ನೆ’ ಎಂಬ ಒಂದು ಪದ ಪಕ್ಕದಲ್ಲಿದ್ದರೆ ಸಾಕು.

ಆಡುಮಾತಿಗೆ ಮರ್ಯಾದೆ ಕೊಟ್ಟರೆ ಮಕ್ಕಳ ಬರಹ ಕೆಡುತ್ತದೆ ಎಂಬ ಆತಂಕವೂ ಇದೆ. ಕಿಕ್ಕೇರಿಯ ಕೆ.ಎಸ್.ನರಸಿಂಹಸ್ವಾಮಿ, ಮೇಲುಕೋಟೆಯ ಪು.ತಿ.ನ. ಈ ಸೀಮೆಯವರೇ, ಅವರ ಗ್ರಂಥಗನ್ನಡಕ್ಕೆ ಕುಂದು ಬರಲಿಲ್ಲ. ಆಡುಮಾತಿಗೆ ಮರ್ಯಾದೆ ಹೊಸದೂ ಅಲ್ಲ: ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಬ್ರೈಟ್ 1958ರಲ್ಲೇ ಆಡುಗನ್ನಡದ ರಚನೆಯನ್ನು ಪುಸ್ತಕವಾಗಿಸಿದ್ದರು. ತರಗತಿಯಲ್ಲಿ ತೊಡಕಿರುವುದು ಒಂದೇ ಕಡೆ: ‘ಕಡ್ದ್ರು’, ‘ತೊಳ್ದ್ರು’ ಎನ್ನುವ ಮಗುವಿಗೆ ಬರೆಯುವಾಗ ಎಲ್ಲಿ ಇ, ಎಲ್ಲಿ ಎ ಎಂಬುದನ್ನು ಅದರ ಕಿವಿ ಹೇಳಿಕೊಡುವುದಿಲ್ಲ. ಆ ಸ್ವರವನ್ನು ಮೇಷ್ಟ್ರೇ ಕಲಿಸಬೇಕು, ಗದರದೆ.